ನಾಲಾದ ನಡುವೆ ಮಲಗಿರುವ ಗಡಿರೇಖೆಗೆ, ಅರ್ಧ ಸೇತುವೆಯಿಂದ

ಎರಡು ಲೋಕಸಭಾ ಕ್ಷೇತ್ರಗಳನ್ನು ಅಗಲಿಸಿ ಕಾಯುತ್ತಿರುವ ಮಾನ್ಯ ಗಡಿರೇಖೆಯವರೇ,

ನಕಾಶೆಯಲ್ಲಷ್ಟೇ ದರ್ಶನ ಕೊಡುವ, ನೆಲಕ್ಕೆ ಎಂದೂ ತಾಗದ ತಮ್ಮ ಶ್ರೀಪಾದಗಳಿಗೆ ಪುಣೆಯ ಹೊರವಲಯದ ಒಬ್ಬ ಮತದಾರನ ಸಾಷ್ಟಾಂಗ ನಮಸ್ಕಾರಗಳು. ನಮ್ಮ ಕಾಲನಿಯ ಹಿಂದೆ ಹರಿಯುವ ಕೊಳಚೆ ನಾಲಾದ ನಟ್ಟನಡುವೆ, ಅಷ್ಟು ವಾಸನೆಯಲ್ಲೂ ಮೂಗು ಮುಚ್ಚದೆ ವರ್ಷಗಟ್ಟಲೆ ಮಲಗಿರುವ ತಮ್ಮ ಸಹನೆಯನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ದೂರಲು ಮಾತ್ರ ಒಂದಿಷ್ಟಿವೆ.

ಈ ದಂಡೆಯಲ್ಲಿ ನನ್ನ ಅವ್ವ ಯಂಕವ್ವ, ಆ ದಂಡೆಯಲ್ಲಿ ಅವಳ ತಂಗಿ ಪಾರವ್ವ. ಚಿಕ್ಕವ್ವ ಸೊಂಟದ ಎಲುಬು ಮುರಿದುಕೊಂಡು ಕಿಟಕಿಯ ಪಕ್ಕದ ಮಂಚ ಹಿಡಿದಿದ್ದಾಳೆ. ಅವಳ ಮಗಳು ರಂಜನಾ ಪಿಂಪ್ರಿಯ ಕಾರ್ಖಾನೆಗೆ ಹೋದ ಮೇಲೆ ಸಂಜೆಯವರೆಗೆ ಅವಳಿಗೆ ತುತ್ತು ಕೊಡುವವರಿಲ್ಲ. ಹಳೆಯ ಕಾಲುಸೇತುವೆ ಮಳೆಗಾಲದಲ್ಲಿ ಕೊಚ್ಚಿಹೋಗಿದೆ. ಸುತ್ತು ಹಾಕಿದರೆ ಹೆದ್ದಾರಿ ದಾಟಿ ಐದು ಕಿಲೋಮೀಟರು, ಅವ್ವನಿಗೆ ಎಪ್ಪತ್ತನಾಲ್ಕು.

ನಮ್ಮ ಸಂಸದರು, ಇಲ್ಲಿನ ಮರಾಠಿಯಲ್ಲಿ ಖಾಸದಾರರು, ಐದು ವರ್ಷಕ್ಕೊಮ್ಮೆ ಕ್ಷೇತ್ರದರ್ಶನ ಮಾಡುವ ಪುಣ್ಯಾತ್ಮರು. ಅರ್ಜಿ ಕೊಟ್ಟ ಕೂಡಲೇ ತಮ್ಮ ನಿಧಿಯಿಂದ ಸೇತುವೆ ಮಂಜೂರು ಮಾಡಿ, ಗಡಿರೇಖೆಯವರಾದ ತಮ್ಮ ಮರ್ಯಾದೆಗೆ ಕುಂದು ಬಾರದಂತೆ ಅದನ್ನು ಸರಿಯಾಗಿ ನಡುನಾಲಾಕ್ಕೆ ನಿಲ್ಲಿಸಿದರು. ಮಿಕ್ಕರ್ಧಕ್ಕೆ ಎದುರು ಕ್ಷೇತ್ರದ ಸಂಸದರ ಕಚೇರಿಗೆ ಹೋದರೆ, ತಮ್ಮ ಕ್ಷೇತ್ರದಲ್ಲಿ ಶುರುವೇ ಆಗದ ಸೇತುವೆಯನ್ನು ತಾವು ಮುಗಿಸುವುದು ಹೇಗೆಂದು ಕೇಳಿದರು. ಇಂಥ ತರ್ಕದ ಎದುರು ನಾನು ಪದವೀಧರನೆಂದು ಹೇಳಿಕೊಳ್ಳಲು ನಾಚಿಕೆಯಾಯಿತು. ಸೇತುವೆ ಇಂದಿಗೂ ತನ್ನ ಅರ್ಧಾಂಗಿಗಾಗಿ ಕಾಯುತ್ತ ಬ್ರಹ್ಮಚಾರಿಯಾಗಿ ನಿಂತಿದೆ.

ದಿನಾ ಮಧ್ಯಾಹ್ನ ಅವ್ವ ಬುತ್ತಿ ಹಿಡಿದು ಅದರ ತುದಿಗೆ ಹೋಗಿ ಕೂಗುತ್ತಾಳೆ: "ಪಾರೀ, ಗುಳಿಗಿ ತಗೊಂಡಿ ಏನ?" ಕಿಟಕಿಯಿಂದ ಉತ್ತರ ಬರುತ್ತದೆ: "ತಗೊಂಡೇನಿ. ರೊಟ್ಟಿ ಎಲ್ಲಿ?" "ತಂದೇನಿ, ಖಾಸದಾರ ಸಾಹೇಬ್ರು ಅರ್ಧಕ್ಕ ನಿಲ್ಲಿಸ್ಯಾರ!" "ಹಂಗಾದ್ರ ಅರ್ಧ ರೊಟ್ಟಿನರ ಒಗಿಯಕ್ಕಾ!"

ಆದ್ದರಿಂದ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಾವು ದಯಮಾಡಿ ಇಪ್ಪತ್ತಡಿ ಆಚೆ ಮಗ್ಗುಲಾಗಬೇಕು. ಅದು ಅಪಮಾನವೆನಿಸಿದರೆ ಮಧ್ಯಾಹ್ನ ಒಂದು ತಾಸು ಮಾತ್ರ ಬೆಕ್ಕಿನಂತೆ ಮುದುಡಿಕೊಂಡರೂ ಸಾಕು. ಮುಂದಿನ ಕ್ಷೇತ್ರ ಪುನರ್ವಿಂಗಡಣೆಯವರೆಗೆ ಕಾಯೋಣವೆಂದರೆ, ಆಯೋಗಗಳಿಗಿರುವಷ್ಟು ಆಯುಷ್ಯ ಮುದುಕಿಯರಿಗಿಲ್ಲ.

ಇದೇ ವಿನಂತಿಯ ಹಿಂದಿನ ಪತ್ರಕ್ಕೆ ತಮ್ಮಿಂದ ಉತ್ತರ ಬಾರದ್ದರಿಂದ, ಕಳೆದ ರವಿವಾರ ನಾನೂ ಬಡಿಗೇರ ಭೀಮಣ್ಣನೂ ಎದುರು ದಂಡೆಯವರೆಗೆ ಹಲಗೆ ಹಾಸಿ, ಬದಿಗೆ ಬಿದಿರು ಕಟ್ಟಿದೆವು. ಅವ್ವ ಬುತ್ತಿ ಸೊಂಟಕ್ಕೇರಿಸಿ ಹೊರಟವಳು, ಸರಿಯಾಗಿ ತಮ್ಮ ಮೇಲೆ ಬಂದಾಗ ನಿಂತು, ಬಗ್ಗಿ ನೋಡಿ ಕೇಳಿದಳು: "ಎಲ್ಲೈತೋ ಬಸೂ ಆ ಗೆರಿ? ಕಾಲಿಗೇನೂ ಹತ್ತವಲ್ದಲ್ಲೋ!"

ತಮ್ಮನ್ನು ತುಳಿದದ್ದಕ್ಕೆ ಅವಳ ಪರವಾಗಿ ಕ್ಷಮೆ ಕೋರುತ್ತೇನೆ. ಅಂದು ಚಿಕ್ಕವ್ವ ಎರಡು ರೊಟ್ಟಿ ಉಂಡಳು.

ತಾವು ಎಳೆದತ್ತ ಮತ ಹಾಕುತ್ತ ಬಂದಿರುವ
ತಮ್ಮ ವಿಶ್ವಾಸಿ,
ಬಸವಲಿಂಗ

ತಾ.ಕ.: ಹಲಗೆಯ ಸುದ್ದಿ ತಿಳಿದು ಇಬ್ಬರೂ ಸಂಸದರ ಕಚೇರಿಯವರು ಉದ್ಘಾಟನೆಗೆ ಒಂದೇ ತಾರೀಖು, ಒಂದೇ ಮುಹೂರ್ತ ತಿಳಿಸಿದ್ದಾರೆ. ಇಬ್ಬರಿಗೂ ಆದರದ ಸ್ವಾಗತವಿದೆ. ಹಲಗೆ ಒಬ್ಬರ ಭಾರವನ್ನಷ್ಟೇ ತಡೆಯುತ್ತದೆ ಎಂಬುದನ್ನು ಅವರಿಗೆ ತಿಳಿಸುವ ಆತುರ ತಮಗೆ ಬೇಡ.