ಮೂರು ಪೆಟ್ಟಗಿ, ನಂದೊಂದು ಕಿವಿ

ಚಿಕ್ಕೋಡಿ ಸ್ಟ್ಯಾಂಡಿನ್ಯಾಗ ಕಣ್ಣು ಮುಚ್ಚಿ ಕುಂತು, ನಿಪ್ಪಾಣಿಯಿಂದ ಬರೋ ಬಸ್ಸಿನ ಯಾವ ಗಾಲಿಯೊಳಗ ಗಾಳಿ ಕಡಿಮಿ ಐತಿ ಅಂತ ಬರೇ ಸಪ್ಪಳದ ಮ್ಯಾಲ ಹೇಳಾಂವ ನಾನು. ಒಮ್ಮೆ ಕಂಡಕ್ಟರ ಇಳದು, ಹಿಂದಿನ ಎಡಗಡೆ ಗಾಲಿ ಬಡದು ನೋಡಿ, ಎಲ್ಲಾರ ಮುಂದ ನನ್ನ ಕಾಲು ಮುಟ್ಟಿದಾ. ಸುಳ್ಳಂದ್ರ ಹೋಗಿ ಕೇಳ್ರಿ. ಕಂಡಕ್ಟರ ಸತ್ತ, ಡ್ರೈವರ ಆಂವಗಿಂತ ಮೊದಲ ಸತ್ತ, ಬಸ್ಸು ಗುಜರಿಗೆ ಹೋತು.

ಇಂಥಾ ಕಿವಿ ಇಟಗೊಂಡಾಂವನ್ನ ಮಂದಿ ಸುಮ್ಮನ ಕುಂಡ್ರಾಕ ಬಿಡಂಗಿಲ್ಲ. ಯಾರ ಮನ್ಯಾಗ ಹಾಡೋ ಸಾಮಾನ ಬಂದ್ರೂ ನನಗ ಕರೆ ಬರ್ತಿತ್ತು. ನಾ ಹೋದಲ್ಲೆಲ್ಲಾ ಏನರ ಒಂದು ಮಜಾ ಆಗಽ ಆಗ್ತಿತ್ತು. ದೊಡ್ಡ ಮನಿ, ಹೊಸಾ ಸಾಮಾನ, ಅರ್ಧ ತಿಳುವಳಿಕಿ, ಈ ಮೂರು ಕೂಡಿದ್ರ ನಗಿಗೆ ಬ್ಯಾರೆ ಏನ ಬೇಕು?

ನನಗ ಹೆಬ್ಬೆಟ್ಟು ಬಿಟ್ಟ್ರ ಅಕ್ಷರ ಬರಂಗಿಲ್ಲ. ನಾ ಹೇಳ್ತೀನಿ, ನಮ್ಮ ಸೊಸಿ ಬರೀತಾಳ. ಅಕಿ ಅಥಣಿಯಾಕಿ. ಅವರಪ್ಪ, ಅಂದ್ರ ನಮ್ಮ ಬೀಗ, ಅಲ್ಲಿ ವೈರಮನ್ ಇದ್ದ. ಆಂವಾ ಈಗಿಲ್ಲ, ಪಾಪ. ಈ ಕಥಿಯ ಕಡೀಕ ಬರ್ತಾನ.

ಸಾವಕಾರನ ಪಣ

ಇಸವಿ ತೊಂಬತ್ತು ದಾಟಿ ನಾಕೈದು ವರ್ಷ ಆಗಿತ್ತು. ಅಥಣ್ಯಾಗ ದ್ರಾಕ್ಷಿ ತ್ವಾಟದ ಸಾವಕಾರ ಒಬ್ಬಾಂವ ಮನಿಗೆ ಸ್ಟೀರಿಯೋ ತರಿಸಿದ್ದ. ಆಳೆತ್ತರದ ಎರಡು ಸ್ಪೀಕರು, ಮಲಗಿಸಿದ್ರ ಒಂದೊಂದರಾಗ ಒಂದೊಂದು ಹೆಣ ಹಿಡಸ್ತಿತ್ತು. ಅದಕ್ಕ ತಕ್ಕಂಥಾ ಆಂಪ್ಲಿಫೈಯರು, ಸೀಡಿ ಪ್ಲೇಯರು. ಮಾರಾಕ ಬಂದ ಪುಣೆದ ಏಜೆಂಟ ಮಾತ್ರ ನಾಲಿಗಿ ಲೊಚಗುಟ್ಟಿದ: "ಸಾವಕಾರ್ರ, ಎಲ್ಲಾ ಐತಿ, ಜೀವ ಇಲ್ಲ. ನಡಕ ಒಂದು ಪೆಟ್ಟಗಿ ಬೇಕು."

ಏನಪಾ ಅಂದ್ರ, ಆ ಸೀಡಿ ತಟ್ಟಿಯೊಳಗ ಹಾಡ ಇರಂಗಿಲ್ಲಂತ. ಬರೇ ಅಂಕಿ ಇರ್ತಾವಂತ, ಸೊನ್ನಿ ಮತ್ತ ಒಂದು. ಆ ಅಂಕಿ ಓದಿ ಹಾಡ ಮಾಡಿ ಕೊಡೋದು ಈ ಪೆಟ್ಟಗಿ ಕೆಲಸ. ಪ್ಲೇಯರಿನ್ಯಾಗೂ ಅಂಥಾದು ಒಂದು ಸಣ್ಣದು ಇರ್ತದ, ಆದ್ರ ಅದು ಹಳ್ಳಿ ಸಾಲಿ ಮಾಸ್ತರ ಇದ್ದಂಗ, ಇದು ಪ್ರೊಫೆಸರ ಅಂದಾ ಏಜೆಂಟ. "ಸೊನ್ನಿ, ಒಂದು ಬಿಟ್ಟು ಮುಂದ ಬರಂಗಿಲ್ಲೇನ ಇದಕ್ಕ?" ಅಂತ ಕೇಳಿದೆ. "ಇಲ್ರಿ" ಅಂದಾ. ನನಗ ಇಪ್ಪತ್ತರತನಕ ಬರ್ತದ. ಅಂದ್ರ ಆ ಪ್ರೊಫೆಸರಗಿಂತ ನಾನಽ ಹೆಚ್ಚು ಕಲಿತಾಂವ.

ಏಜೆಂಟ ಮೂರು ಪೆಟ್ಟಗಿ ತಂದಿದ್ದ. ಕರೇದು, ಬಿಳೇದು, ಹಳದೀದು. ಮೂರೂ ಪರದೇಶದವು.

ಸಾವಕಾರ ನನ್ನ ಕಡೆ ತಿರುಗಿ ಅಂದಾ: "ಏನೋ ಕಿವಿಶಾಣ್ಯಾ, ಹೆಣ್ಣು ತರೋಕಿಂತ ಮೊದಲ ನಾಕ ಊರಾಗ ವಿಚಾರ ಮಾಡ್ತೀವಿಲ್ಲೋ? ಪೆಟ್ಟಗಿದೂ ಹಂಗಽ. ಏಜೆಂಟನ ಜೀಪಿನ್ಯಾಗ ಕುಂತು, ಸ್ಟೀರಿಯೋ ಇದ್ದ ನಮ್ಮ ದೋಸ್ತರ ಮನಿಗೆಲ್ಲಾ ಒಯ್ದು ಕೇಳಿಸ್ಕೊಂಡು ಬಾ. ಆಮ್ಯಾಲ ಇಲ್ಲಿ ಕಣ್ಣಿಗೆ ಬಟ್ಟಿ ಕಟಗೊಂಡು ಮೂರನೂ ಗುರ್ತಾ ಹಿಡಿ. ಹಿಡದ್ರ, ಅಟ್ಟದ ಮ್ಯಾಲಿನ ನಮ್ಮ ಹಳೇ ವಾಲ್ವಿನ ಆಂಪ್ಲಿಫೈಯರ ಸೆಟ್ಟು ನಿಂದು. ತಪ್ಪಿದ್ರ, ಇನ್ನ ಮ್ಯಾಲ ಯಾವ ಊರಾಗೂ ಕಿವಿ ಸುದ್ದಿ ತಗೀಬಾರ್ದು."

ನನ್ನ ಹೊಟ್ಟಿ ನಡೀತಿದ್ದದ್ದು ಮದುವಿ, ಜಾತ್ರಿಗೆ ಬಾಡಿಗಿ ಕೊಡೋ ಮೈಕಿನ ಮ್ಯಾಲ. ಹಿಂದಿನ ತಿಂಗಳ ಭೋಜ ಅನ್ನೋ ಊರಾಗ ಒಂದು ಮದುವಿಯೊಳಗ, ಅಕ್ಕಿಕಾಳು ಬೀಳೋ ಹೊತ್ತಿಗೇ, ನನ್ನ ಆಂಪ್ಲಿಫೈಯರು ಹೊಗಿ ಬಿಟ್ಟು ಪ್ರಾಣ ಬಿಟ್ಟಿತ್ತು. ಸೆಟ್ಟಿಲ್ಲದ ಮೈಕಿನವ ಅಂದ್ರ ಎತ್ತಿಲ್ಲದ ಒಕ್ಕಲಿಗ. "ಹೂಂರಿ" ಅಂದೆ.

ನಿಪ್ಪಾಣಿ ಮೂಗು

ಮೊದಲ ನಿಪ್ಪಾಣಿ ತಂಬಾಕದ ವ್ಯಾಪಾರಿ ಮನಿ. ಏಜೆಂಟ ವೈರ್ ಬಿಚ್ಚಾಕತ್ತಿದ್ದ. ವ್ಯಾಪಾರಿ "ತಡಿ ತಡಿ" ಅಂದು, ಕರೇ ಪೆಟ್ಟಗಿ ಎತ್ತಿ ಮೂಗಿಗೆ ಹಿಡದಾ. ಹೆಬ್ಬೆಟ್ಟಿನಿಂದ ತಿಕ್ಕಿ ಮತ್ತ ಮೂಸಿದಾ. ಬಿಳೇದನ್ನೂ ಹಂಗಽ ಮಾಡಿದಾ. ಹಳದೀದು ಎತ್ತಾಕ ಹೋದ್ರ ಎರಡೂ ಕೈ ಬೇಕಾದವು.

ಏಜೆಂಟ ಹಿಗ್ಗಿದಾ. "ತೂಕ ನೋಡ್ರಿ ಶೇಟಜಿ! ತೂಕ ಇದ್ದಲ್ಲಿ ಮಾಲು ಇರ್ತದ."

"ಇದು ಬ್ಯಾಡ. ನೀರು ಹೊಡದಾರ" ಅಂದಾ ವ್ಯಾಪಾರಿ.

"ಶೇಟಜಿ, ಪೆಟ್ಟಗಿಗೆ ಯಾರಾದ್ರೂ ನೀರು ಹೊಡೀತಾರೇನ್ರಿ?"

"ನನಗ ಹೇಳಬ್ಯಾಡೋ ಮಾರಾಯಾ. ಮಾಲಿನ ತೂಕ ಹೆಂಗ ಹೆಚ್ಚಾಗ್ತದ ಅಂತ ಮೂವತ್ತು ವರ್ಷದಿಂದ ಬಲ್ಲೆ."

ನಾ ಕೇಳಿದೆ, "ಅಷ್ಟು ಮಂದಿ ಮೋಸ ಮಾಡ್ಯಾರೇನ್ರಿ ನಿಮಗ?"

ಆಂವಾ ನನ್ನನ್ನ ಹುಚ್ಚನ್ನ ನೋಡಿದಂಗ ನೋಡಿದಾ. "ನನಗ ಯಾರು ಮಾಡ್ತಾರೋ? ಹೊಡಿಯಾಂವ ನಾನಽ ಅಲ್ಲೇನು!"

ವಕೀಲರ ಹೊದಿಕಿ

ಚಿಕ್ಕೋಡ್ಯಾಗ ವಕೀಲರು. ಅವರು ಪೆಟ್ಟಗೀನ ಕಟಕಟಿಯೊಳಗ ನಿಲ್ಲಿಸಿದ್ರು. "ಅಂಕಿಯಿಂದ ಹಾಡ ಆಗ್ತದ ಅನ್ನಾಕ ಸಾಕ್ಷಿ ಯಾರು? ಒಳಗ ಹೊಕ್ಕಾಗ ಅಂಕಿ ಇತ್ತು ಅಂತ ಕಣ್ಣಾರೆ ಕಂಡಾಂವ ಒಬ್ಬನ್ನ ತೋರ್ಸು." ಏಜೆಂಟ ಬೆವರ ಒರಸ್ಕೊಂಡಾ. ಒಂದು ಹಾಡ ಮುಗಿಯೂದ್ರಾಗ ವಕೀಲರು ಇಪ್ಪತ್ತು ಪ್ರಶ್ನಿ ಕೇಳಿದ್ರು, ಹಾಡ ಒಂದೂ ಕೇಳಲಿಲ್ಲ.

ಅಷ್ಟರಾಗ ವಕೀಲರ ಹೆಂಡ್ತಿ ಒಳಗಿಂದ ಬಂದ್ರು. ಆ ಮನ್ಯಾಗ ಟೀವಿಗೆ ಹೊದಿಕಿ, ರೇಡಿಯೋಕ್ಕ ಹೊದಿಕಿ, ಫೋನಿಗೆ ಹೊದಿಕಿ, ಎಲ್ಲಾ ಅವರಽ ಹೆಣದ ಕ್ರೋಷಾ. ಬಂದವರಽ ಬಿಳೇ ಪೆಟ್ಟಗಿ ಮ್ಯಾಲ ಒಂದು ದಪ್ಪ ಹೊದಿಕಿ ಹಾಸಿ, ಅದರ ಮ್ಯಾಲ ಹೂದಾನಿ ಇಟ್ರು. ಪೆಟ್ಟಗಿಯ ನೆತ್ತಿ ಮ್ಯಾಲ ಬಿಸಿ ಹೋಗಾಕ ಅಂತ ತೂತು ಇದ್ದವು. ಹತ್ತು ಮಿನಿಟಿನ್ಯಾಗ ಸುಟ್ಟ ನೂಲಿನ ವಾಸನಿ ಹೊಡೀತು.

"ವಹಿನಿ, ವಹಿನಿ, ತಗೀರಿ ಅದನ್ನ!" ಏಜೆಂಟ ಚೀರಿದಾ. "ಉಸರು ಕಟ್ತದ, ಸತ್ತ ಹೋಗ್ತದ!"

ಆ ತಾಯಿ ಅಲ್ಲಾಡಲಿಲ್ಲ. "ಏನಾಗಂಗಿಲ್ಲ ಬಿಡ್ರಿ. ನಮ್ಮ ಮನಿಯವರನ್ನ ಇಪ್ಪತ್ತೆರಡು ವರ್ಷದಿಂದ ಹಿಂಗಽ ಮುಚ್ಚಿ ಇಟ್ಟೀನಿ, ಇನ್ನೂ ಮಾತಾಡಾಕತ್ತಾರಲ್ಲ!"

ವಕೀಲರು ಅವತ್ತು ಅದೊಂದಕ್ಕ ಮಾತ್ರ ಆಕ್ಷೇಪ ತಗೀಲಿಲ್ಲ.

ಎಮ್ಮಿಯ ತೀರ್ಪು

ರಾಯಬಾಗ ತಾಲೂಕಿನ ಮುಗಳಖೋಡದ ಕಡೆ ಕಬ್ಬಿನ ಗೌಡ ಒಬ್ಬಾಂವ. ಆಂವಾ ಅಂದಾ: "ಮನಶ್ಯಾ ಸುಳ್ಳ ಹೇಳ್ತಾನ, ಎಮ್ಮಿ ಹೇಳಂಗಿಲ್ಲ. ಹಿಂಡೂ ಹೊತ್ತಿಗೆ ಹಚ್ರಿ. ಯಾವುದಕ್ಕ ಹಾಲು ಹೆಚ್ಚು ಇಳೀತದ ಅದು ಚಲೋ."

ದನದ ಮನ್ಯಾಗ ಎರಡೂ ಸ್ಪೀಕರು ಇಟ್ವಿ. ಕರೇ ಪೆಟ್ಟಗಿ ಹಚ್ಚಿದ್ರ ಎಮ್ಮಿ ಬಕೀಟ ಒದ್ದಿತು. ಬಿಳೇದಕ್ಕ ತಂಬಗಿ ತುಂಬ ಕೊಟ್ಟಿತು. ಹಳದೀದು ಹಚ್ಚಿದ್ದಽ ತಡ, ಸುರಿತಪಾ ಹಾಲು! ಬಕೀಟ ತುಂಬಿತು, ಕೊಡ ತುಂಬಿತು, ಬಾಜೂ ಮನಿಯವರು ಹಂಡೇ ತಂದ್ರು. ಕಡೀಕ ಗೌಡನಽ ಓಡಿ ಬಂದು ಕೈಮುಗದಾ: "ಬಂದ್ ಮಾಡ್ರಪಾ, ಮನ್ಯಾಗ ಭಾಂಡೆ ಮುಗದಾವು!"

(ಸೊಸಿ ಇಲ್ಲಿ ಪೆನ್ನು ನಿಲ್ಲಿಸಿ, "ಮಾವಾರ, ಹಂಡೇನೂ ಬರೀಲ್ಯಾ?" ಅಂದಳು. "ಬರಿ" ಅಂದೆ.)

ಏಜೆಂಟ ಕುಣದಾಡಿದಾ. "ಹಂಗಾರ ಹಳದೀದು ಪಕ್ಕಾ ಅಲ್ರಿ ಗೌಡ್ರ?"

"ಒಂದೂ ಬ್ಯಾಡ, ಒಯ್ರಿ" ಅಂದಾ ಗೌಡ. "ಇವತ್ತ ಇದಕ್ಕ ಹಾಡ ಹಚ್ಚಿದ್ರ ನಾಳಿ ಫ್ಯಾನ್ ಕೇಳ್ತದ. ನಮ್ಮಪ್ಪಗಽ ಇನ್ನೂ ಫ್ಯಾನ್ ಹಾಕಿಸಿಲ್ಲ ನಾನು."

ಗ್ವಾಡಿಯ ಆಚಿ ಕಡೆ

ಕಾಗವಾಡದಾಗ ಅಣ್ಣ ತಮ್ಮ ಬ್ಯಾರೆ ಆಗಿ ಒಂದಽ ಮನಿಗೆ ನಡಕ ಗ್ವಾಡಿ ಕಟ್ಟಿದ್ರು. ಸಾವಕಾರನ ದೋಸ್ತ ಅಣ್ಣ. ಆಂವಾ ಸ್ಪೀಕರಿನ ಮಾರಿ ಗ್ವಾಡಿ ಕಡೆ ತಿರುವಿ ಇಡಸಿದಾ, ತಾ ಹಿಂದ ಕುಂತಾ.

"ಹಿಂಗಿಟ್ರ ನಿಮಗೇನ ಕೇಳಸ್ತದ್ರಿ?" ಅಂದೆ.

"ನನಗ ಕೇಳಸೋದು ಯಾರಿಗೆ ಬೇಕಾಗೇತಿ? ಆಂವಗ ಕೇಳಸ್ಬೇಕು. ನನ್ನ ಕಡೆ ಏನೇನ ಐತಿ ಅಂತ ಗೊತ್ತಾಗಲಿ ಸುಳಿಮಗಗ!"

ಮೂರೂ ಪೆಟ್ಟಗಿ ಒಂದರ ಹಿಂದ ಒಂದು ಹಚ್ಚಿದ್ವಿ. ಗ್ವಾಡಿ ನಡುಗಿತು. ಹಾಡ ನಿಂತ ಮ್ಯಾಲ ಆಚಿ ಕಡೆಯಿಂದ ತಮ್ಮನ ಧ್ವನಿ ಸಾವಕಾಶ ಬಂತು: "ದಾದಾ, ಮೂರನೇದು ಭಾಳ ಚಲೋ ಐತಿ. ಅದನ್ನಽ ತಗೋ. ದಿನಾ ಹಚ್ಚು."

ಅಣ್ಣನ ಮಾರಿ ಸುಟ್ಟ ಬದನಿಕಾಯಿ ಆತು. "ಕಟ್ರೋ ಪೆಟ್ಟಗಿ!" ಅಂದಾ. "ಪುಗಸಟ್ಟೆ ಕೇಳಾಕ ಹೊಂಚು ಹಾಕ್ಯಾನ!"

ಅಥಣ್ಯಾಗ ಕಣ್ಣಿಗೆ ಬಟ್ಟಿ

ನಾಕ ಊರು ತಿರುಗಿ ಒಂದು ಪೆಟ್ಟಗೀನೂ ಮಾರಾಟ ಆಗದಽ ಅಥಣಿಗೆ ವಾಪಸ್ ಬಂದ್ವಿ. ಸಾವಕಾರನ ಪಡಸಾಲಿ ತುಂಬ ಮಂದಿ. ಎಲ್ಲಾರೂ ನಾ ಬೀಳೂದನ್ನ ನೋಡಾಕ ಬಂದಾವ್ರಽ. ಅಟ್ಟದ ಮ್ಯಾಲಿನ ವಾಲ್ವಿನ ಸೆಟ್ಟು ಇಳಿಸಿ, ಒರಸಿ, ಬಾಗಿಲ ಹಂತ್ಯಾಕ ಇಟ್ಟಿದ್ರು. ಅದು ಮನಿಗೆ ಬಂದ್ರ ಮುಂದಿನ ಸುಗ್ಗಿತನಕ ಒಲಿ ಉರೀತದ. ಇಲ್ಲಂದ್ರ ಹೆಸರೂ ಹೋತು, ಹೊಟ್ಟೀನೂ ಹೋತು.

"ಏಜೆಂಟ ಕೈ ಹಚ್ಚಬಾರ್ದು, ಆಂವಾ ಮಾರಾಂವ" ಅಂದಾ ಸಾವಕಾರ. ಹಂಗಾಗಿ ವೈರ್ ಬದಲಿ ಮಾಡಾಕ ತನ್ನ ಕಾಯಂ ವೈರಮನ್ನನ್ನ ಪಡದೆ ಹಿಂದ ಕುಂಡ್ರಿಸಿದಾ. ಆಂವನಽ ಮುಂದ ನಮ್ಮ ಬೀಗ ಆದಾಂವ. ಅವತ್ತ ನಮಗ ಒಬ್ಬರದೊಬ್ಬರಿಗೆ ಗುರ್ತಾ ಇರಲಿಲ್ಲ.

ಸಾವಕಾರ ತನ್ನ ತಲಿ ಮ್ಯಾಲಿನ ಪಟಕಾ ಬಿಚ್ಚಿ ನನ್ನ ಕಣ್ಣಿಗೆ ನಾಕ ಸುತ್ತು ಸುತ್ತಿದಾ. ಪಡದೆ ಹಿಂದಿಂದ "ಹಚ್ಚೀನ್ರಿ" ಅಂತ ಧ್ವನಿ ಬಂತು. ಸಿತಾರ ಶುರು ಆತು.

ನಾ ಉಸರು ಹಿಡದೆ. ಪಡಸಾಲಿ ಉಸರು ಹಿಡೀತು.

"ಇದು ಒಡದ ಕಂಚು" ಅಂದೆ. "ತುದಿ ಕಚ್ತದ. ಕರೇದು."

ಪಡದೆ ಹಿಂದ ಒಂದು ಸಣ್ಣ ಕೆಮ್ಮು. ಆಮ್ಯಾಲ, "ಬರೋಬ್ಬರಿ! ಕರೇದಽ ಐತಿ!"

ಮಂದಿ ಗುಜುಗುಜು ಅಂದ್ರು. ಮತ್ತೊಮ್ಮೆ "ಹಚ್ಚೀನ್ರಿ", ಮತ್ತ ಸಿತಾರ.

"ಇದು ತೊಳದ ತಾಮ್ರದ ಕೊಡ. ತಣ್ಣಗೈತಿ, ಆದ್ರ ತಳ ಇಲ್ಲ. ಬಿಳೇದು."

"ಬರೋಬ್ಬರಿ!"

"ಇದು, ಸಾವಕಾರ್ರ, ಈಗಽ ಕೊಪ್ಪರಗಿಯಿಂದ ಇಳಿಸಿದ ಬಿಸಿ ಬೆಲ್ಲ. ಬೆರಳ ಅದ್ದಿದ್ರ ಎಳಿ ಬರ್ತದ. ಹಳದೀದು. ಇದನ್ನಽ ಇಟಗೋರಿ."

"ಬರೋಬ್ಬರಿ!" ಈ ಸಲ ಪಡದೆ ಹಿಂದಿನ ಧ್ವನಿ ನಡಗಾಕತ್ತಿತ್ತು. ನನ್ನ ಕಿವಿ ಕಂಡು ಪಾಪ ಗದ್ಗದ ಆಗ್ಯಾನ ಅಂದ್ಕೊಂಡೆ.

ಸಾವಕಾರ ಎದ್ದು ಬಂದು ನನ್ನನ್ನ ಅಪಗೊಂಡಾ. ಹಳದಿ ಪೆಟ್ಟಗಿ ಅಲ್ಲೇ ಉಳೀತು, ವಾಲ್ವಿನ ಸೆಟ್ಟು ನನ್ನ ಮನಿಗೆ ಬಂತು. ಮೂಲ್ಯಾಗ ಈಗೂ ಐತಿ, ನೋಡ್ರಿ. ಅವತ್ತ ವೈರಮನ್ ಜೀಪಿನತನಕ ನನ್ನನ್ನ ಕಳಸಾಕ ಬಂದು, ಎರಡೂ ಕೈ ಹಿಡದು, "ನನ್ನ ಮಗಳು ದೊಡ್ಡಾಕಿ ಆದ ಮ್ಯಾಲ ನಿಮ್ಮ ಮನಿಗೇ ಕೊಡಾಂವ" ಅಂದಾ. ಕೊಟ್ಟಾ. ಕಿವಿಗೆ ಅಷ್ಟು ಬೆಲಿ ಇತ್ತು ಆಗ. ಸಾವಕಾರ ಹೋದಾ, ಏಜೆಂಟ ಎಲ್ಲಿದ್ದಾನೋ ಗೊತ್ತಿಲ್ಲ, ಬೀಗ ಹೋದಾ. ಸಾಕ್ಷಿ ಅನ್ನಾಕ ನಾನೊಬ್ಬನಽ ಉಳದೀನಿ. "ಇಲ್ಲಿಗೆ ಮುಗೀತು, ಬರಿಯವಾ" ಅಂದೆ.

ಸೊಸಿ ಬರೀಲಿಲ್ಲ. ಪೆನ್ನಿನ ಟೋಪಿ ಹಾಕಿದಳು.

"ಮಾವಾರ, ಒಂದ ಮಾತು ಹೇಳ್ಲ್ಯಾ? ಸಿಟ್ಟಾಗಬಾರ್ದು."

"ಹೇಳು."

"ಅಪ್ಪಾ ಅವತ್ತ ಒಂದ ಪೆಟ್ಟಗೀನೂ ಹಚ್ಚಿರಲಿಲ್ಲರಿ."

"ಆಂ?"

"ಹಿಂದ ಹತ್ತಾರು ತೂತು, ಎಲ್ಲಾ ಪರದೇಶದ ಅಕ್ಷರ. ಎಲ್ಲಿದು ಎಲ್ಲಿಗೆ ಅಂತ ತಿಳೀಲಿಲ್ಲಂತ. ಸುಟ್ಟು ಗಿಟ್ಟೀತು ಅಂತ ಅಂಜಿ, ಪ್ಲೇಯರಿನ ವೈರ್ ನೆಟ್ಟಗ ಆಂಪ್ಲಿಫೈಯರಿಗೇ ಕೊಟ್ಟು, ಪೆಟ್ಟಗಿದು ಬರೇ ದೀಪ ಹಚ್ಚಿದ್ದಂತ. ಮೂರೂ ಸಲ ಒಂದಽ ಹಾಡ, ಒಂದಽ ವೈರ್. ನೀವು ಕಂಚು ಅಂದ್ರಿ, ತಾಮ್ರ ಅಂದ್ರಿ, ಬೆಲ್ಲ ಅಂದ್ರಿ. ಇಲ್ಲಂದ್ರ ತಾನಽ ಸಿಕ್ಕಾಕೊಳ್ತಿದ್ದ, ಅದಕ್ಕ ಎಲ್ಲಾದಕ್ಕೂ ಬರೋಬ್ಬರಿ ಅಂದಾ. ನಗಿ ತಡಿಯಾಕ ಆಗದಽ ಧ್ವನಿ ನಡಗಿತ್ತಂತ."

"ಮತ್ತ ಸಾವಕಾರ?"

"ಸಾಯೂತನಕ ಬಂದ ಬಂದವರನ್ನೆಲ್ಲಾ ಕುಂಡ್ರಿಸಿ ಫರಕ ತೋರ್ಸಿದ್ರಂತ. ವೈರ್ ಅವತ್ತಿನಂಗಽ ಇತ್ತು, ಪೆಟ್ಟಗಿಗೆ ಮುಟ್ಟಿರಲಿಲ್ಲ."

ಮೂಲ್ಯಾಗಿನ ಸೆಟ್ಟಿನ ಧೂಳು ಟಾವೆಲ್ಲಿನಿಂದ ಒರಸಿದೆ. "ಹಂಗಾರ ನಿಮ್ಮಪ್ಪ ನಿನ್ನನ್ನ ಈ ಮನಿಗೆ ಯಾಕ ಕೊಟ್ಟಾ?"

"ನಾನೂ ಕೇಳಿದ್ದೆರಿ. 'ಇಷ್ಟು ಧೈರ್ಯದಿಂದ ಸುಳ್ಳ ಹೇಳಾಂವನ ಮನ್ಯಾಗ ಮಗಳು ಯಾವತ್ತೂ ಉಪವಾಸ ಇರಂಗಿಲ್ಲ' ಅಂದಾ."

ಟಾವೆಲ್ಲು ಝಾಡಿಸಿ ಈ ಹೆಗಲಿಂದ ಆ ಹೆಗಲಿಗೆ ಹಾಕ್ಕೊಂಡೆ.

"ಇರಲಿ, ಅದನ್ನೂ ಬರಿ" ಅಂದೆ. "ಒಂದೂ ಹಚ್ಚದಽ ಇಷ್ಟು ಫರಕ ಕೇಳಿಸಿತ್ತು ನನಗ. ಹಚ್ಚಿದ್ದ್ರ ಇನ್ನೆಷ್ಟು ಕೇಳಸ್ತಿತ್ತೋ!"