ಕುರ್ಚಿಗೆ ಅಣಬೆ ಬಂತು

ಕುರ್ಚಿಯನ್ನು ಕಾಯಿಸಬೇಕೆಂಬುದು ಬೂಷ್ಟು ಮೇಷ್ಟ್ರಿಗೆ ಮರೆತೇಹೋಗಿತ್ತು. ಎಲ್ಲ ಗಂಡಾಂತರಕ್ಕೂ ಅದೇ ಮೂಲ.

ಅಣಬೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಅವರನ್ನು ಹೆಂಡತಿಯೂ ಬೂಷ್ಟು ಮೇಷ್ಟ್ರು ಎಂದೇ ಕರೆಯುತ್ತಿದ್ದಳು. ಈಗ ಒಬ್ಬ ಕಲಾವಿದೆಯ ಜೊತೆ ಸೇರಿ ಅವರು ಕುರ್ಚಿಯೊಂದನ್ನು ಬೆಳೆಸಿದ್ದರು. ಅಚ್ಚಿಗೆ ಮರದ ಹೊಟ್ಟು ತುಂಬಿದರೆ ಅಣಬೆಯ ಎಳೆಗಳು ಹಬ್ಬಿ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ಆಮೇಲೆ ಒಲೆಯಲ್ಲಿಟ್ಟು ಕಾಯಿಸಿದರೆ ಬೆಳವಣಿಗೆ ನಿಲ್ಲುತ್ತದೆ. ಕಾಯಿಸದಿದ್ದರೆ? ಪ್ರದರ್ಶನದ ದಿನ ಬೆಳಿಗ್ಗೆ ಪ್ರಯೋಗಾಲಯದ ಬಾಗಿಲು ತೆರೆದ ಮೇಷ್ಟ್ರು ಹೌಹಾರಿದರು. ಹೇಳದೆ ಕೇಳದೆ ಬಂದು ಬೀಡುಬಿಟ್ಟ ನೆಂಟರ ಹಾಗೆ ಕುರ್ಚಿಯ ಬೆನ್ನ ತುಂಬ ಅಣಬೆಗಳು!

"ಇದೇನ್ರೀ ಅವತಾರ?" ಹಿಂದೆಯೇ ಬಂದ ನಿರ್ದೇಶಕರು ಕೂಗಿದರು. "ದೊಡ್ಡ ವಿಜ್ಞಾನಿಗಳು ನೋಡೋಕೆ ಬರ್ತಿದಾರೆ. ಅವರು ಬೇಡ ಅಂದ್ರೆ ಪ್ರಯೋಗಾಲಯಕ್ಕೇ ಬೀಗ. ಕಿತ್ತು ಹಾಕಿ!"

ಮೇಷ್ಟ್ರು ಕಿತ್ತು ಕಸದ ಬುಟ್ಟಿಗೆ ತುಂಬಿದರು. ಕುರ್ಚಿ ಆಗತಾನೇ ಕ್ಷೌರ ಮಾಡಿಸಿಕೊಂಡಂತೆ ನುಣ್ಣಗಾಯಿತು. ಅಷ್ಟರಲ್ಲಿ ಬಂದ ಕಲಾವಿದೆ ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ, ನನ್ನ ಅಣಬೆಗಳೆಲ್ಲಿ? ನಿನ್ನೆ ಸಂಜೆ ಮೊಗ್ಗು ನೋಡಿ ನಾನೇ ನೀರು ಚಿಮುಕಿಸಿ ಹೋಗಿದ್ದೆ! 'ಜೀವಂತ ಕುರ್ಚಿ' ಅಂತ ಎಲ್ಲರಿಗೂ ಹೇಳಿದೀನಿ!"

"ಯಾಕ್ರೀ ಕಿತ್ರಿ?" ನಿರ್ದೇಶಕರು ಗದರಿದರು.

"ನೀವೇ ಹೇಳಿದ್ರಲ್ಲ ಸಾರ್."

"ನಾನು ಹೇಳಿದ್ದೆಲ್ಲ ಯಾವತ್ತು ಮಾಡಿದೀರಿ?"

ಮೇಷ್ಟ್ರಿಗೆ ತಲೆಬುಡ ತಿಳಿಯಲಿಲ್ಲ. "ಈಗ ಅಣಬೆ ಇರ್ಬೇಕೋ, ಬೇಡ್ವೋ?"

"ಇರ್ಬೇಕು!" ಇಬ್ಬರೂ ಒಟ್ಟಿಗೇ ಅರಚಿದರು.

ಮೇಷ್ಟ್ರು ಬುಟ್ಟಿಗೆ ಕೈಹಾಕಿ, ಅಂಟಿನ ಡಬ್ಬಿ ತೆರೆದು, ಅಣಬೆಗಳನ್ನು ಇಡಿಯಾಗಿ ಅದರಲ್ಲಿ ಅದ್ದಿ, ಸಿಕ್ಕ ಸಿಕ್ಕಲ್ಲಿ ಅಂಟಿಸತೊಡಗಿದರು. ಕೊನೆಯದನ್ನು ಒತ್ತುವುದಕ್ಕೂ ದೊಡ್ಡ ವಿಜ್ಞಾನಿ ಪರಿವಾರದೊಂದಿಗೆ ಒಳಗೆ ಬರುವುದಕ್ಕೂ ಸರಿಹೋಯಿತು.

ಅವರು ಕನ್ನಡಕ ಏರಿಸಿ ಬಗ್ಗಿದರು. "ಏನ್ರೀ ಇದು! ಕೊಡೆ ಕುರ್ಚಿಗೆ, ಕಾಲು ಗಾಳಿಗೆ! ತಲೆಕೆಳಗಾಗಿ ಬೆಳೆಯೋ ಅಣಬೆ ನಾನು ಎಲ್ಲೂ ಕಂಡಿಲ್ಲ!"

ಅವಸರದಲ್ಲಿ ಮಾಡಿದ್ದೇನೆಂದು ಮೇಷ್ಟ್ರಿಗೆ ಆಗ ಹೊಳೆಯಿತು. "ಸಾರ್... ಅದು... ಅಂಟು..."

ವಿಜ್ಞಾನಿ ಬೆರಳಿಟ್ಟು ನೋಡಿದರು. ಅಂಟಿತು. "ಅಂಟನ್ನೂ ಒಸರುತ್ತೆ! ಭೇಷ್!"

ಚಪ್ಪಾಳೆ ಮೊಳಗಿತು. ಗಾಬರಿಯಲ್ಲಿ ಹಿಂದೆ ಸರಿದ ಮೇಷ್ಟ್ರು ಎಡವಿ ಅದೇ ಕುರ್ಚಿಯಲ್ಲಿ ಕುಸಿದು ಒರಗಿದರು. ವಿಜ್ಞಾನಿ ಕೈಕುಲುಕಲು ಬಂದಾಗ ಗಡಬಡಿಸಿ ಎದ್ದರು. ನಮ್ರವಾಗಿ ಬಗ್ಗಿದಾಗ ಎಲ್ಲರಿಗೂ ಅವರ ಬೆನ್ನು ಕಂಡಿತು. ಕುರ್ಚಿಯ ಮೇಲಿದ್ದ ಅಷ್ಟೂ ಅಣಬೆಗಳು ಅಂಗಿಯ ಮೇಲೆ ನೆಟ್ಟಗೆ ನಿಂತಿದ್ದವು, ಈ ಸಲ ಕೊಡೆ ಮೇಲೆ, ಕಾಲು ಕೆಳಗೆ.

"ಮನುಷ್ಯನಿಗೂ ಹಬ್ಬುತ್ತೆ!" ದೊಡ್ಡ ವಿಜ್ಞಾನಿ ಚೀರಿ ಬಾಗಿಲಿಗೆ ಓಡಿದರು. ಉಳಿದವರು ಅವರನ್ನೂ ಹಿಂದಿಕ್ಕಿದರು.

"ಅದು ಡಬ್ಬಿ ಅಂಟು ಸಾರ್!" ಎಂದು ಮೇಷ್ಟ್ರು ಕೂಗುವಷ್ಟರಲ್ಲಿ ಹೊರಗಿನಿಂದ ಬೀಗ ಬಿತ್ತು.

ಬಾಗಿಲ ಗಾಜಿನಾಚೆಯಿಂದ ನಿರ್ದೇಶಕರು ಮೂಗಿಗೆ ಕರವಸ್ತ್ರ ಹಿಡಿದು ಸಮಾಧಾನ ಹೇಳಿದರು. "ಹೆದರ್ಬೇಡಿ ಮೇಷ್ಟ್ರೇ, ವೈದ್ಯರ ಪರೀಕ್ಷೆ ಮುಗಿಯೋವರೆಗೆ ಆರಾಮಾಗಿ ಕೂತಿರಿ."

ಮೇಷ್ಟ್ರು ಸುತ್ತ ನೋಡಿದರು. ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ.