ಮಲ್ಲಣ್ಣನ ಹೊಲ ದಾಟದ ಸೈನ್ಯ

ಜಗಳವಾಡಲು ಬಾರದವರೇ ಯುದ್ಧದ ಆಟಕ್ಕೆ ಬೀಳುತ್ತಾರೆ ಎಂಬುದು ನನ್ನ ಬಹುದಿನದ ಅನುಮಾನ. ನನ್ನನ್ನೇ ನೋಡಿ. ತರಕಾರಿಯವಳು ಕಣ್ಣೆದುರೇ ಕೊಳೆತ ಟೊಮೇಟೊ ಚೀಲಕ್ಕೆ ಹಾಕಿದರೆ 'ಇರಲಿ, ಸಾರಿಗಾದೀತು' ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬರುವವಳು ನಾನು. ಬಸ್ಸಿನಲ್ಲಿ ನನ್ನ ಸೀಟಿನ ಮುಕ್ಕಾಲು ಪಾಲನ್ನು ಪಕ್ಕದವರ ಗಂಟುಮೂಟೆ ನುಂಗಿದರೂ ತುಟಿ ಪಿಟಕ್ಕೆನ್ನುವುದಿಲ್ಲ. ಇಂಥ ನಾನು ರವಿವಾರ ಬಂತೆಂದರೆ ಕೆಂಪು ಅಂಗಿಯ ಒಂದು ದಂಡನ್ನೇ ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ, ಅವರಲ್ಲಿ ಅರ್ಧ ಮಂದಿಯನ್ನು ಸ್ವರ್ಗಕ್ಕೆ ಕಳಿಸಿ, ಆಮೇಲೆ ಕೈತೊಳೆದು ರೊಟ್ಟಿ ಬಡಿಯಲು ಏಳುತ್ತೇನೆ. ಸೈನಿಕರೆಲ್ಲ ಒಂದೊಂದು ಅಂಗುಲ ಎತ್ತರದ ಪ್ಲಾಸ್ಟಿಕ್ ಗೊಂಬೆಗಳು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಗಣಿತ ಕಲಿಸುವ ಶಿಕ್ಷಕಿಯ ಬಗ್ಗೆ ನೀವು ಬೇರೆ ಏನಾದರೂ ತಿಳಿದುಕೊಂಡೀರಿ.

ಈ ಹುಚ್ಚು ಹಚ್ಚಿದವರು ವಾಡಿಯ ನಮ್ಮ ಶಾಲೆಯ ದೈಹಿಕ ಶಿಕ್ಷಕರಾದ ಇಕ್ಬಾಲ್ ಸರ್. ಹೈದರಾಬಾದಿನಲ್ಲಿ ಓದುವಾಗ ಕಲಿತ ಆಟವಂತೆ. ಮೇಜಿನ ಮೇಲೆ ಗುಡ್ಡ, ಹೊಳೆ, ಊರು ಎಲ್ಲ ಮಾಡಿಟ್ಟು, ಟೇಪಿನಿಂದ ಅಳೆದು ಸೈನ್ಯ ನಡೆಸುವುದು. ದಾಳ ಹೇಳಿದಂತೆ ಸಾಯುವುದು, ಬದುಕುವುದು. ಕೊರಳಲ್ಲಿ ಸೀಟಿ ಹಾಕಿಕೊಂಡು ಇಡೀ ಮೈದಾನ ನಡುಗುವಂತೆ ಕೂಗುವ ಈ ಮನುಷ್ಯ, ಬಿಡುವಿನ ವೇಳೆಯಲ್ಲಿ ಒಂದು ಕೂದಲಿನ ಕುಂಚ ಹಿಡಿದು ಗೊಂಬೆಗಳಿಗೆ ಹುಬ್ಬು ತೀಡುವುದನ್ನು ಕಂಡಾಗಲೇ ನನಗೆ ಕುತೂಹಲ ಹುಟ್ಟಿತು. ಅವರಿಗೆ ಎದುರಾಳಿ ಸಿಕ್ಕಿರಲಿಲ್ಲ. ನನಗೆ ಅಳತೆ, ದಾಳ, ಸಂಭವನೀಯತೆ ಎಂದರೆ ಪ್ರಾಣ. ಸೈನ್ಯ ಅವರದು, ನೆಲ ನನ್ನದು ಎಂದು ಒಪ್ಪಂದವಾಯಿತು. ಅಂದರೆ ಕೆಂಪು ಅಂಗಿಯ ದಂಡನ್ನು ನನಗೆ ಕೊಟ್ಟು ನೀಲಿಯದನ್ನು ಅವರು ಇಟ್ಟುಕೊಂಡರು, ಗುಡ್ಡ ಬೆಟ್ಟ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲು ಅವರ ಮನೆಯ ಚಾಪೆಯ ಮೇಲೆ ಆಡಿದ ಆಟಗಳನ್ನೆಲ್ಲ ನಾನು ಸೋತೆ. ಸೋತದ್ದಕ್ಕೆ ದುಃಖವಿಲ್ಲ, ಸೋಮವಾರ ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ಅದರ ವರದಿ ಬರುತ್ತಿತ್ತಲ್ಲ, ಅದಕ್ಕೆ ದುಃಖ. 'ಮೇಡಂ ಅವರ ಫೌಜು ನಿನ್ನೆ ಭಾಳ ಚಲೋ ಓಡ್ತು ನೋಡ್ರಿ, ಹಿಂದಕ್ಕ' ಎಂದು ಇಕ್ಬಾಲ್ ಸರ್ ಬಿಸ್ಕೀಟು ಅದ್ದುತ್ತ ಹೇಳಿದರೆ ಹಿಂದಿ ಟೀಚರು ಕೂಡ ನಗುತ್ತಿದ್ದರು. ಕೊನೆಗೆ ರೋಸಿಹೋಗಿ, ಮುಂದಿನ ಯುದ್ಧ ಶಹಾಬಾದಿನ ನಮ್ಮ ಮನೆಯಲ್ಲಿ, ನಾನೇ ಕಟ್ಟಿದ ಮೇಜಿನ ಮೇಲೆ ಎಂದು ಸವಾಲು ಹಾಕಿದೆ. ಅವರು ಗೆದ್ದರೆ ವರ್ಷವಿಡೀ ಶನಿವಾರದ ಕವಾಯತು ನಾನು ಮಾಡಿಸಬೇಕು. ನಾನು ಗೆದ್ದರೆ ನನ್ನ ಉತ್ತರಪತ್ರಿಕೆಗಳ ಅಂಕವನ್ನೆಲ್ಲ ಅವರು ಕೂಡಿಸಿ ಕೊಡಬೇಕು. ಸೀರೆ ಸೊಂಟಕ್ಕೆ ಸಿಕ್ಕಿಸಿ, ಶಾಲೆಯ ಮುಂದೆ ಸ್ಟೇಷನ್ನಿಗೆ ಹೋಗಿಬರುವವರೆಲ್ಲರ ಕಣ್ಣೆದುರು ಸೀಟಿ ಊದುವ ನನ್ನ ಚಿತ್ರ ಕಲ್ಪಿಸಿಕೊಂಡೇ ಮೈ ಬೆವರಿತು. ಈ ಒಂದು ಆಟ ಮಾತ್ರ ಗೆಲ್ಲಲೇಬೇಕಿತ್ತು.

ಬೇರೆ ಊರಿನವರಾಗಿದ್ದರೆ ಮೇಜಿಗೆ ಪ್ಲೈವುಡ್ ತರುತ್ತಿದ್ದರೇನೋ. ಶಹಾಬಾದಿನವರಿಗೆ ಆ ಬುದ್ಧಿ ಬರುವುದಿಲ್ಲ. ಊರ ಸುತ್ತಲ ಖಣಿಗಳಲ್ಲಿ ಸಿಗುವ ಹಾಸುಗಲ್ಲೇ ಫರಸಿ. ನಮ್ಮಲ್ಲಿ ನೆಲ ಫರಸಿ, ಮಾಳಿಗೆ ಫರಸಿ, ಕಾಂಪೌಂಡು ಫರಸಿ, ಅಡುಗೆಮನೆಯ ಕಪಾಟು ಫರಸಿ, ಬಚ್ಚಲಿನ ಮರೆ ಫರಸಿ. ನಾನೂ ಎರಡು ದೊಡ್ಡ ಹಾಸುಗಲ್ಲು ತರಿಸಿ, ಪಡಸಾಲೆಯಲ್ಲಿ ಇಟ್ಟಿಗೆಯ ಕಾಲು ಕಟ್ಟಿಸಿ ಜೋಡಿಸಿದೆ. ಇಳಿಸಿದ ನಾಲ್ಕು ಗಂಡಾಳುಗಳು ಬೆವರು ಒರೆಸಿಕೊಂಡು ಹೋದ ಮೇಲೆಯೇ ನನಗೆ ಹೊಳೆದದ್ದು, ಇನ್ನು ಇದನ್ನು ಒಳಗಿನ ಕೋಣೆಗೆ ಸರಿಸುವ ಮಾತು ಈ ಜನ್ಮದಲ್ಲಿಲ್ಲ ಎಂದು. ನನ್ನ ಗಂಡ ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದವರು ಅದನ್ನು ಒಮ್ಮೆ ಸುತ್ತುಹಾಕಿ ನೋಡಿ, 'ಗಟ್ಟಿ ಅದ' ಎಂದಷ್ಟೇ ಹೇಳಿ ಮಲಗಿದರು. ಅದೇ ಪಡಸಾಲೆಯ ಮೂಲೆಯಲ್ಲೇ ನಮ್ಮ ಅತ್ತೆಯವರ ಮಂಚ ಇತ್ತು. ಮೊಣಕಾಲು ನೋವಿನಿಂದ ಅವರು ದಿನದ ಬಹುಪಾಲು ಅಲ್ಲೇ ಕೂರುವುದು. ಹೀಗಾಗಿ ನನ್ನ ರಣರಂಗ ಬೆಳಗಿನಿಂದ ಸಂಜೆಯವರೆಗೆ ಅವರ ಕಣ್ಣಳತೆಯಲ್ಲೇ ಬೆಳೆಯತೊಡಗಿತು.

ನೆಲ ಮಾಡುವುದರಲ್ಲಿರುವ ಸುಖವನ್ನು ಮಾಡಿದವರೇ ಬಲ್ಲರು. ಮೊಬೈಲಿನ ವಿಡಿಯೋಗಳಲ್ಲಿ ಯಾವ ಯಾವುದೋ ದೇಶದವರು ಥರ್ಮಕೋಲನ್ನು ಕೊರೆದು, ಉಜ್ಜಿ, ಬಣ್ಣ ಬಳಿದು ಕಲ್ಲಿನಂತೆ ಕಾಣಿಸಲು ಹೆಣಗುತ್ತಾರೆ. ನಾನೂ ನಾಲ್ಕು ಸಂಜೆ ಹೆಣಗಿದೆ. ಐದನೆಯ ಸಂಜೆ ಮನೆಯ ಮುಂದೆ ಬಿದ್ದ ಫರಸಿ ಚೂರೊಂದನ್ನು ಎಡವಿ ಬೆರಳು ಜಜ್ಜಿಕೊಂಡು ಬಗ್ಗಿ ನೋಡಿದರೆ, ಪದರ ಪದರವಾಗಿ, ಬಿರುಕುಬಿಟ್ಟ ಕಡಿದಾದ ಬಂಡೆ ಅಲ್ಲೇ ಕುಳಿತಿದೆ! ಒಂದು ಅಂಗುಲದ ಮನುಷ್ಯನಿಗೆ ಅದು ಹತ್ತಲಾಗದ ಗುಡ್ಡ. ಕರಿ ನೆಲಕ್ಕೆಂದು ಹೊಲದ ಎರೆಮಣ್ಣನ್ನೇ ಕಲಸಿ ಹಚ್ಚಿದ್ದು ಮಾತ್ರ ಎಡವಟ್ಟಾಯಿತು. ಒಣಗಿದ ಮೇಲೆ ಅದು ತನ್ನ ಜಾತಿಗುಣ ಬಿಡದೆ ಬಿರಿಯಿತು, ಇಬ್ಬರು ಸೈನಿಕರು ಸೊಂಟದವರೆಗೆ ಬಿರುಕಿನಲ್ಲಿ ಇಳಿದರು. ಆಮೇಲೆ ಸೋಸಿದ ಚಹಾಪುಡಿ ಒಣಗಿಸಿ ಅಂಟಿಸಿದೆ. ತೊಗರಿಕಟ್ಟಿಗೆಯ ತುದಿ ಮುರಿದು ಬೇವಿನ ಗಿಡ ಮಾಡಿದೆ. ಹೊಳೆಗೆ ವಾರ್ನಿಷ್ ಹೊಯ್ದೆ. ಹಳೆಯದಾಗಿ ಕಾಣಲು ಎಲ್ಲದರ ಮೇಲೂ ತೆಳ್ಳಗೆ ಧೂಳು ಸಿಂಪಡಿಸಬೇಕು ಎಂದು ವಿಡಿಯೋದವರು ಹೇಳುತ್ತಾರೆ, ನಮ್ಮ ಕಡೆ ಕಿಟಕಿ ತೆರೆದಿಟ್ಟರೆ ಸಾಕು.

ಈ ಹುಚ್ಚು ಹತ್ತಿದ ಮೇಲೆ ಜಗತ್ತೇ ಬೇರೆಯಾಗಿ ಕಾಣತೊಡಗಿತು. ವಾಡಿಗೆ ಹೋಗುವ ರೈಲಿನ ಕಿಟಕಿಯಿಂದ ಕಲ್ಲಿನ ಖಣಿ ಕಂಡರೆ ಇದನ್ನು ಎಷ್ಟು ಅಂಗುಲದಲ್ಲಿ ತೋರಿಸಬಹುದು ಎಂದು ಲೆಕ್ಕ ಹಾಕುತ್ತೇನೆ. ಶಾಲೆಯ ನೀರಿನ ಟಾಕಿಯ ಬುಡದ ಪಾಚಿಯನ್ನು ಚಮಚದಿಂದ ಕೆರೆಯುವಾಗ ಹೆಡ್ಮಾಸ್ಟರರ ಕೈಗೆ ಸಿಕ್ಕಿಬಿದ್ದೆ. 'ಔಷಧಿಗೇನ್ರಿ?' ಎಂದರು. 'ಹೌದ್ರಿ ಸರ್' ಎಂದೆ. ಯಾವ ರೋಗಕ್ಕೆ ಎಂದು ಅವರು ಕೇಳಲಿಲ್ಲ.

ಇನ್ನು ಗೆಲ್ಲುವ ಉಪಾಯ. ಹೊಳೆಗೊಂದು ಸೇತುವೆ ಇಟ್ಟೆ, ಮೊದಲು ಸೇತುವೆ ಹಿಡಿದವರು ಗೆದ್ದಂತೆ. ಎರಡೂ ಸೈನ್ಯಕ್ಕೆ ದಾರಿ ಗುಡ್ಡ ಬಳಸಿ ಹೋಗುತ್ತದೆ. ನಡುವೆ ಒಂದು ಜೋಳದ ಹೊಲ. ಬೆಳೆಯೊಳಗೆ ಸೈನ್ಯ ಅರ್ಧ ವೇಗದಲ್ಲಿ ನಡೆಯಬೇಕು ಎಂಬುದು ನಿಯಮ. ಇಕ್ಬಾಲ್ ಸರ್ ಅರ್ಧ ವೇಗ ಎಂದ ಕೂಡಲೇ ಮುಖ ತಿರುಗಿಸುವವರ ಪೈಕಿ. ಆದರೆ ಅರ್ಧ ವೇಗದಲ್ಲಿ ಹಾಯ್ದರೂ ದಾರಿಗಿಂತ ಒಂದು ಸರದಿ ಮೊದಲೇ ಸೇತುವೆ ಸಿಗುವಂತೆ ನಾನು ಹೊಲದ ಅಗಲವನ್ನು ಲೆಕ್ಕ ಹಾಕಿ ಇಟ್ಟಿದ್ದೆ. ಇದಕ್ಕೆ ಮೋಸ ಎನ್ನಬೇಡಿ, ರೇಖಾಗಣಿತ ಎನ್ನಿ. ಹೊಸ ಕಸಬರಿಗೆಯೊಂದನ್ನು ಬಿಚ್ಚಿ, ಕಡ್ಡಿ ಕತ್ತರಿಸಿ ಸಾಲಾಗಿ ನೆಟ್ಟು, ಪ್ರತಿ ತುದಿಗೂ ಅಂಟು ಮುಟ್ಟಿಸಿ ರವೆ ಹಿಡಿಸಿದೆ. ಬಿಳಿಜೋಳ ತೆನೆ ತೂಗಿ ನಿಂತಿತು.

ಅದು ನಿಂತ ಮರುದಿನವೇ ಅತ್ತೆಯವರು ಮಂಚದ ಮೇಲಿಂದ ಕೇಳಿದರು. "ಸುನಂದಾ, ಈ ಹೊಲ ಯಾರದವಾ?"

"ಯಾರದೂ ಅಲ್ರಿ ಅತ್ತಿ. ಸುಮ್ನ ಹೊಲ."

"ಸುಮ್ನ ಹೊಲ ಅಂತ ಎಲ್ಲ್ಯಾರ ಇರ್ತದೇನು? ಬೆಳಿ ನಿಂತದ ಅಂದ ಮ್ಯಾಲ ಯಾರೋ ಬಿತ್ಯಾರ."

ಪ್ರಶ್ನೆಗೆ ಉತ್ತರ ಬರದಿದ್ದರೆ ಏನಾದರೊಂದು ಬರೆಯಿರಿ, ಖಾಲಿ ಬಿಡಬೇಡಿ ಎಂದು ಮಕ್ಕಳಿಗೆ ಹೇಳಿ ಹೇಳಿ ನನಗೂ ಅದೇ ಚಟ. "ಮಲ್ಲಣ್ಣಂದು ರಿ" ಎಂದೆ.

"ಯಾವ ಮಲ್ಲಣ್ಣ? ನಮ್ಮ ಭಂಕೂರ ಮಲ್ಲಣ್ಣನೇನು?"

"ಅಲ್ರಿ, ಇಂವ ಚಿಂಚೋಳಿ ಕಡಿಯವ."

"ಚಿಂಚೋಳಿ ಬಿಟ್ಟು ಇಲ್ಲಿಗ್ಯಾಕ ಬಂದ?"

"ಹೆಂಡತಿ ತವರುಮನಿ ಹೊಲ ರಿ."

"ಹಂಗಂದ್ರ ಮನಿ ಅಳಿಯ!" ಅತ್ತೆಯವರ ದನಿಯಲ್ಲಿ ಒಮ್ಮೆಲೇ ಕನಿಕರ ತುಂಬಿತು. "ಪಾಪ, ಮನಿ ಅಳಿಯನ ಹೊಲ ಅಂದ್ರ ಎಲ್ಲರೂ ಹಾಯ್ದು ಹೋಗವ್ರೇ."

ಅಂದಿನಿಂದ ನನ್ನ ಕಷ್ಟ ಶುರುವಾಯಿತು. ತಾಲೀಮಿಗೆಂದು ಹೊಲದೊಳಗೆ ನಿಲ್ಲಿಸಿ ಹೋಗಿದ್ದ ಕೆಂಪು ಸೈನಿಕರು ಸಂಜೆ ಬರುವಷ್ಟರಲ್ಲಿ ಬದುವಿನ ಮೇಲೆ ಸಾಲಾಗಿ ನಿಂತಿದ್ದರು. "ಬೆಳ್ಯಾಗ ನಿಂತಿದ್ರು, ಎತ್ತಿ ಇಟ್ಟೀನಿ" ಎಂದರು ಅತ್ತೆ. "ಇಷ್ಟು ಮಂದ್ಯಾಗ ಒಬ್ಬನಿಗರೆ ಬುದ್ಧಿ ಬ್ಯಾಡೇನು?"

"ಅವ್ರು ಲಡಾಯಿಗಿ ಹೊಂಟಾರ್ರಿ ಅತ್ತಿ."

"ಹೋಗ್ಲಿ, ಬ್ಯಾಡಂದವ್ರ್ಯಾರು? ಬದುವಿನ ಮ್ಯಾಲಿಂದ ಹೋಗ್ಲಿ. ಇಲ್ಲಂದ್ರ ರಾಶಿ ಆಗೋತನಾ ತಡೀಲಿ. ಸುಗ್ಗಿ ಮುಗಿದ ಮ್ಯಾಲ ಎಷ್ಟು ಬೇಕಾದಷ್ಟು ಹೊಡದಾಡ್ಲಿ."

ಅವರನ್ನು ಸಮಾಧಾನಪಡಿಸಲೆಂದು ಮಲ್ಲಣ್ಣನಿಗೊಂದು ಗುಡಿಸಲು ಮಾಡಿದೆ. ಗುಡಿಸಲು ಆದ ಮೇಲೆ ಎತ್ತು ಎಲ್ಲಿ ಎಂದರು. ಎತ್ತು ಬಂದ ಮೇಲೆ ಅವು ನೀರು ಎಲ್ಲಿ ಕುಡಿಯಬೇಕು ಎಂದರು, ಬಾವಿ ತೋಡಿದೆ. ತೆನೆಗೆ ಹಕ್ಕಿ ಬೀಳುತ್ತವೆ ಎಂದು ನಾಲ್ಕು ಕಡ್ಡಿ ನೆಟ್ಟು ಅಟ್ಟ ಕಟ್ಟಿದೆ. ಅಟ್ಟದ ಮೇಲೆ ನಿಲ್ಲಲು ಮಲ್ಲಣ್ಣನೇ ಬೇಕಲ್ಲ! ನನ್ನ ಪಾಲಿನ ಕೆಂಪು ಸೈನಿಕರಲ್ಲೇ ಚುರುಕಾದವನೊಬ್ಬನನ್ನು ಹಿಡಿದು, ಬಂದೂಕು ಕತ್ತರಿಸಿ, ಅಂಗಿಗೆ ಸುಣ್ಣ ಬಳಿದು, ತಲೆಗೆ ನೂಲಿನ ಪಟಗ ಸುತ್ತಿ, ಕೈಗೆ ಕವಣೆ ಕೊಟ್ಟೆ. ಸೇನೆ ಬಿಟ್ಟು ಒಕ್ಕಲುತನಕ್ಕೆ ಬಂದ ಖುಷಿ ಅವನ ಮುಖದಲ್ಲಿ ಕಂಡಂತಾಯಿತು. ಹೆಂಡತಿಯನ್ನು ತಂತಿ ಮತ್ತು ಜೇಡಿಮಣ್ಣಿನಿಂದ ಮಾಡಿದೆ, ತಲೆಯ ಮೇಲಿನ ಬುತ್ತಿಗೆ ಒಂದು ತೊಗರಿ ಬೇಳೆ. ಇದೆಲ್ಲ ಅತ್ತೆಯವರಿಗಾಗಿ ಎಂದೇ ನಾನು ನಂಬಿದ್ದೆ. ಆದರೆ ಎಂಟನೇ ತರಗತಿಗೆ ತ್ರಿಭುಜ ಹೇಳಿಕೊಡುವಾಗ, ಮಲ್ಲಣ್ಣನ ಬಾವಿಗೆ ಮೆಟ್ಟಿಲಿಲ್ಲ, ಅವನ ಹೆಂಡತಿ ಇಳಿದು ನೀರು ಹೇಗೆ ತರಬೇಕು ಎಂಬ ಯೋಚನೆ ಬಂದು ಪಾಠ ನಿಂತಿತು.

ಯುದ್ಧದ ರವಿವಾರ ಬಂತು. ನನ್ನ ಅದೃಷ್ಟಕ್ಕೆ ಅತ್ತೆಯವರು ಹಿಂದಿನ ದಿನವೇ ತಮ್ಮ ನಾದಿನಿಯ ಮೊಮ್ಮಗನ ತೊಟ್ಟಿಲು ಕಾರ್ಯಕ್ಕೆಂದು ಸೇಡಂಗೆ ಹೋಗಿದ್ದರು. ಮಂಚ ಖಾಲಿ, ತಡೆಯುವವರಿಲ್ಲ. ಇಕ್ಬಾಲ್ ಸರ್ ಬೂಟು ಕಳಚಿ ಬಂದು ಮೇಜನ್ನು ನೋಡಿ, "ಅರೆ ವ್ಹಾ ಮೇಡಂ, ಖರೇ ಮುಲೂಕೇ, ಒಂದು ದೇಶನೇ ಮಾಡಿರಲ್ರಿ" ಎಂದು ಬಾಯ್ತುಂಬ ಹೊಗಳಿದರು. ಅವರು ಹೊಲವನ್ನು ಗಮನಿಸಲೇ ಇಲ್ಲ. ದಾಳ ಹಾಕಿದೆವು, ಮೊದಲ ಸರದಿ ನನಗೇ ಬಂತು. ಎಲ್ಲವೂ ನಾನು ಲೆಕ್ಕ ಹಾಕಿದಂತೆಯೇ ನಡೆಯುತ್ತಿತ್ತು.

ಮುಂದಿನ ಸಾಲನ್ನು ಎತ್ತಿ ಹೊಲದ ಅಂಚಿಗೆ ತಂದೆ. ಅಟ್ಟದ ಮೇಲೆ ಮಲ್ಲಣ್ಣ ಕವಣೆ ಹಿಡಿದು ನಿಂತಿದ್ದ. ಅವನ ಹೆಂಡತಿ ಬುತ್ತಿ ಹೊತ್ತು ಅರ್ಧ ದಾರಿ ಬಂದಿದ್ದಳು. ರವೆಯ ಒಂದೊಂದು ತೆನೆಯೂ ಕಾಣುತ್ತಿತ್ತು. ಕೈ ಅಲ್ಲೇ ನಿಂತಿತು. ಕವಾಯತು ನೆನೆಸಿಕೊಂಡೆ, ಸೀಟಿ ನೆನೆಸಿಕೊಂಡೆ, ಆದರೂ ಕೈ ಮುಂದೆ ಹೋಗಲಿಲ್ಲ. "ನಮ್ಮವ್ರು ಬದುವಿನ ಮ್ಯಾಲಿಂದ ಹೋಗ್ತಾರ್ರಿ" ಎಂದೆ.

"ಬದುವಿನ ಮ್ಯಾಲ ಒಬ್ಬನ ಹಿಂದ ಒಬ್ಬ ಹೋಗಬೇಕಾಗ್ತದ್ರಿ ಮೇಡಂ. ತಾಸುಗಟ್ಲೆ ಹಿಡೀತದ."

"ಹಿಡೀಲಿ ಬಿಡ್ರಿ."

ಗಣಿತದ ಟೀಚರು ಸುಮ್ಮನೆ ಹೀಗೆ ಮಾಡುವುದಿಲ್ಲ ಎಂದು ಇಕ್ಬಾಲ್ ಸರ್‌ಗೆ ಸಂಶಯ ಬಂತು. ಟೇಪು ತೆಗೆದು ಹೊಲವನ್ನು ಅಡ್ಡಕ್ಕೆ ಒಮ್ಮೆ, ಉದ್ದಕ್ಕೆ ಒಮ್ಮೆ ಅಳೆದರು. ಬೆರಳು ಮಡಚಿ ಎಣಿಸಿದರು. "ಅರೆ, ಇಲ್ಲಿಂದ ಹಾಯ್ದ್ರ ಪುಲ್ ಇಲ್ಲೇ ಅದಲ್ರಿ!" ಎಂದು ನೀಲಿ ಅಂಗಿಯ ಇಡೀ ದಂಡನ್ನು ಎತ್ತಿ ಜೋಳದೊಳಗೆ ನುಗ್ಗಿಸಿದರು. ಚರಕ್ಕೆಂದು ಕಡ್ಡಿ ಬಾಗಿತು.

"ಏಯ್! ಬೆಳ್ಯಾಗಿಂದ ಹಾಯಬ್ಯಾಡ್ರಿ! ಕಣ್ಣು ಕಾಣಂಗಿಲ್ಲೇನು? ಮಲ್ಲಣ್ಣಂದು ಹೊಲ ಅದು!"

ಕೂಗಿದ್ದು ನಾನು. ತರಕಾರಿಯವಳೆದುರು, ಬಸ್ಸಿನಲ್ಲಿ, ಎಲ್ಲೂ ಹೊರಡದ ದನಿ ಅದು. ರಾತ್ರಿ ಶಿಫ್ಟ್ ಮುಗಿಸಿ ಒಳಗೆ ಮಲಗಿದ್ದ ನನ್ನ ಗಂಡ ಲುಂಗಿ ಕಟ್ಟಿಕೊಳ್ಳುತ್ತ ಓಡಿ ಬಂದರು. "ಯಾರ ಹೊಲ? ಯಾರು ಹೊಕ್ಕಾರ?"

ಇಕ್ಬಾಲ್ ಸರ್ ಎರಡೂ ಕೈಯಲ್ಲಿ ಸೈನಿಕರನ್ನು ಹಿಡಿದು ಅಪರಾಧಿಯಂತೆ ಎದ್ದು ನಿಂತರು. "ನಾನೇ ರಿ ಅಣ್ಣಾ. ಯಾರದೋ ಮಲ್ಲಣ್ಣಂದು ಅಂತ." ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ, "ಮೇಡಂ, ನಾವು ಲಡಾಯಿ ಮಾಡಾಕ ಕುಂತೀವೋ, ಕಳೆ ತೆಗ್ಯಾಕ ಕುಂತೀವೋ?" ಎಂದರು. ನಿಯಮದ ಪುಸ್ತಕ ತಿರುವಿ ನೋಡಿದೆವು. ಬೆಳೆಯಲ್ಲಿ ಅರ್ಧ ವೇಗ ಎಂದಿತ್ತೇ ಹೊರತು ಹಾಯಬಾರದು ಎಂದು ಎಲ್ಲೂ ಇರಲಿಲ್ಲ. ನನ್ನ ಕೆಂಪು ಅಂಗಿಯವರು ಬದುವಿನ ಮೇಲೆ ಒಬ್ಬೊಬ್ಬರಾಗಿ ನಡೆದು ಸೇತುವೆ ತಲುಪುವಾಗ ನೀಲಿಯವರು ಅಲ್ಲಿ ಬೀಡುಬಿಟ್ಟಾಗಿತ್ತು. ಈಗ ಶನಿವಾರಗಳಂದು ವಾಡಿಯ ಸ್ಟೇಷನ್ ರಸ್ತೆಯಲ್ಲಿ ಹೋಗುವವರು ಸೀಟಿ ಊದುವ ಹೆಂಗಸೊಬ್ಬಳನ್ನು ಕಂಡರೆ ಅದು ನಾನೇ.

ಸೋಮವಾರ ಸಂಜೆ ಅತ್ತೆಯವರು ಬಂದರು. ಮಂಚದ ಮೇಲೆ ಕುಳಿತು, ಕಾಲು ನೀವಿಕೊಳ್ಳುತ್ತ ಮೊದಲು ಕೇಳಿದ್ದೇ, "ಯಾರು ಗೆದ್ರವಾ?" ನಾನು ಎಲ್ಲವನ್ನೂ ಹೇಳಿದೆ. ಮಲ್ಲಣ್ಣನ ಬೆಳೆ ಉಳಿಯಲಿ ಎಂದು ಬದುವಿನ ಮೇಲೆ ಹೋದದ್ದನ್ನು, ಅದಕ್ಕಾಗಿಯೇ ಸೋತದ್ದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ಸೊಸೆಯೆಂದರೆ ಹೀಗಿರಬೇಕು ಎಂದು ಅವರು ಅಂದಾರು ಎಂದು ಕಾದೆ.

ಅತ್ತೆಯವರು ಕಾಲು ನೀವುವುದನ್ನು ಬಿಟ್ಟು ನನ್ನ ಮುಖ ನೋಡಿದರು. ಹಣೆ ಮುಟ್ಟಿ ಜ್ವರ ನೋಡುತ್ತಾರೇನೋ ಎನ್ನಿಸಿತು.

"ಅದು ಕಸಬರಿಗಿ ಕಡ್ಡಿ ಅಲ್ಲೇನವಾ?" ಎಂದರು. "ನಂದೇನು, ಕುಂತಲ್ಲೇ ಕುಂತು ಹೊತ್ತು ಹೋಗಂಗಿಲ್ಲ, ಅದಕ್ಕ ಏನೋ ಒಂದು ಮಾತಾಡ್ತಿದ್ದೆ. ಇಷ್ಟು ಓದಿದಾಕಿ ನೀ, ಕಸಬರಿಗಿ ಸಲುವಾಗಿ ಸೋತು ಕುಂತೆಲ್ಲ!"

ನಾನು ಆಗಲೇ ಮೇಜಿನ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, ನೀಲಿ ಅಂಗಿಯವರು ತುಳಿದ ದಂಟುಗಳನ್ನು ಬೆರಳ ತುದಿಯಿಂದ ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿದ್ದೆ.